ಮೂರನೇ ಸಾಲಿನ ದಾರದ ರೀಲು

ಸೂಪರ್‌ವೈಸರ್ ಮೇಡಂ ಅವರಿಗೆ, ಮೂರನೇ ಸಾಲಿನಲ್ಲಿ ಕಾಲರ್ ಹೊಲಿಯುವವಳ ನಮಸ್ಕಾರ.

ನಿನ್ನೆ ನನ್ನ ದಾರದ ರೀಲು ಮತ್ತೆ ಬಿದ್ದಾಗ ನೀವು, "ಕೈಗೆ ಎಣ್ಣೆ ಹಚ್ಕೊಂಡು ಬರ್ತೀಯೇನೇ?" ಎಂದಿರಿ. ಎಲ್ಲರೂ ನಕ್ಕರು. ನಿಜ ಹೇಳಿಬಿಡುತ್ತೇನೆ, ಅದನ್ನು ಬೀಳಿಸುವವಳು ನಾನೇ. ಒರಗಲು ಏನೂ ಇಲ್ಲದ ಸ್ಟೂಲಿನಲ್ಲಿ ದಿನವಿಡೀ ಬಗ್ಗಿ ಕೂತು ಸೊಂಟ ಹಿಡಿದುಕೊಂಡಿದೆ. ಆಗಾಗ ಏಳಬೇಕು ಅಂತ ಡಾಕ್ಟರು ಹೇಳಿದ್ದಾರೆ. ಸುಮ್ಮನೆ ಎದ್ದರೆ ನೀವು ಬೈಯುತ್ತೀರಿ. ರೀಲಾದರೆ ಉರುಳುತ್ತದೆ, ಅದರ ಹಿಂದೆ ನಾಲ್ಕು ಹೆಜ್ಜೆ ನಡೆಯಬಹುದು.

ದಯವಿಟ್ಟು ಒರಗುವಂಥ ಕುರ್ಚಿ ಕೊಡಿಸಿ. ಆಗದಿದ್ದರೆ ಗಂಟೆಗೆರಡು ನಿಮಿಷ ನಿಲ್ಲಲು ಬಿಡಿ.

ನಿಮ್ಮದೂ ಅಂಥದೇ ಸ್ಟೂಲು. ನಿಮ್ಮ ಪೆನ್ನು ದಿನಕ್ಕೆ ಐದಾರು ಸಲ ಬೀಳುವುದನ್ನು, ನೀವು ಸೊಂಟ ಹಿಡಿದು ನಿಧಾನವಾಗಿ ಏಳುವುದನ್ನು ನೋಡಿದ್ದೇನೆ. ಯಾರಿಗೂ ಹೇಳಿಲ್ಲ.

ಇತಿ,
ನಿಮ್ಮ ಎಣ್ಣೆಗೈಯವಳು