ಹೋಗಲೂ ಒಂಬತ್ತು, ಬರಲೂ ಒಂಬತ್ತು

ವಿಮಾನ ನಿಲ್ದಾಣದ ಮಾಹಿತಿ ವಿಭಾಗದ ಮುಖ್ಯಸ್ಥರೇ,

ನಿಮ್ಮ ಅಧಿಕೃತ ಪುಟದಲ್ಲಿ ಒಂದು ತಪ್ಪು ಅಂಕಿ ಇದೆ. ಈ ಶುಕ್ರವಾರ ಸಂಜೆಯೊಳಗೆ ಅದನ್ನು ತಿದ್ದದಿದ್ದರೆ, ಶನಿವಾರ ವಾಪಸ್ ಹಾರಲಿರುವ ನಮ್ಮ ದೊಡ್ಡಮ್ಮನಿಗೆ ಆಕಾಶದಲ್ಲೇ ಉಸಿರು ನಿಲ್ಲಬಹುದು. ನನಗೆ ತುಂಬಾ ಭಯವಾಗಿದೆ.

ನಾನು ವಿಮಾನಗಳ ಹುಚ್ಚಿ. ನನ್ನಂಥ ಹುಚ್ಚರ ಚಾಟ್ ಗುಂಪಿನಲ್ಲಿ ನನ್ನ ಹೆಸರೇ ‘ಕಿಲೋಮೀಟರ್’. ದೊಡ್ಡಮ್ಮ ಶ್ವಾಸಕೋಶದ ಚಿಕಿತ್ಸೆಗೆ ಆ ದೂರದ ಊರಿಗೆ ಹೊರಟಾಗ ನಿಮ್ಮ ಪುಟ ತೆರೆದವಳು ನಾನೇ. ದೂರ ೭,೬೫೦ ಕಿ.ಮೀ., ಪ್ರಯಾಣ ಹೋಗಲೂ ಬರಲೂ ೯ ಗಂಟೆ. ಅಲ್ಲಿನ ಆಸ್ಪತ್ರೆ ಕಳಿಸಿದ ಫಾರಂನಲ್ಲಿ ಖುಷಿಯಿಂದ ‘೯’ ಎಂದು ಬರೆದೆ. ದೊಡ್ಡಮ್ಮನ ಆಕ್ಸಿಜನ್ ಯಂತ್ರಕ್ಕೆ ಆಸ್ಪತ್ರೆಯವರು ಬ್ಯಾಟರಿ ಕೊಡುವುದು ಆ ಅಂಕಿಗೆ ಅದರ ಅರ್ಧ ಸೇರಿಸಿ. ಒಂದೊಂದು ನಾಲ್ಕೂವರೆ ಗಂಟೆ ಬರುತ್ತದೆ, ಮೂರು ಕೊಟ್ಟರು. “ಗಾಳಿ ಲೆಕ್ಕ ಹಾಕಿದ್ಯಾ?” ಎಂದು ಗುಂಪಿನಲ್ಲೊಬ್ಬ ಅಣ್ಣ ಕೇಳಿದ. ನಗುವ ಮುಖ ಆರು ಕಳಿಸಿ ಅವನ ಬಾಯಿ ಮುಚ್ಚಿಸಿದೆ.

ದೊಡ್ಡಮ್ಮ ಹೋದ ದಿನ, ಹಾರಿ ಒಂಬತ್ತು ಗಂಟೆ ಮುಗಿದಾಗ ನನ್ನ ಮೊಬೈಲ್‌ನಲ್ಲಿ ವಿಮಾನ ಇನ್ನೂ ಸಮುದ್ರದ ಮೇಲಿತ್ತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದೊಡ್ಡಪ್ಪ ಕಾಲು ಆಡಿಸುವುದನ್ನು ನಿಲ್ಲಿಸಿ ಕೇಳಿದರು: “ಲೇ ಕಿಲೋಮೀಟರು, ನಿನ್ನ ಒಂಬತ್ತು ಗಂಟೆ ಎಲ್ಲಿಗೆ ಹೋಯ್ತೇ?”

ಇಳಿಯುವಷ್ಟರಲ್ಲಿ ಹತ್ತೂಕಾಲು ಗಂಟೆ ಕಳೆದಿತ್ತು. ಹೇಗೋ ಬಚಾವಾದೆವು. ಮುಚ್ಚಿರುವ ವಾಯುಮಾರ್ಗ ತಪ್ಪಿಸಲು ಸಾವಿರದ ಐನೂರು ಕಿಲೋಮೀಟರ್ ಸುತ್ತಿದರೂ, ಹಿಂದಿನಿಂದ ಗಾಳಿ ತಳ್ಳಿದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಬರುವಾಗ ಅದೇ ಗಾಳಿ ಎದುರು. ಜೊತೆಗೆ ಅದೇ ಸುತ್ತು. ವಾಪಸ್ ವಿಮಾನವನ್ನು ಇಪ್ಪತ್ತು ದಿನ ಕಣ್ಣಿಟ್ಟು ನೋಡಿದ್ದೇನೆ: ಹಾರಾಟವೇ ಹದಿಮೂರು ಗಂಟೆ ಹತ್ತು ನಿಮಿಷ. ಹಾರುವ ಮೊದಲು ರನ್‌ವೇಯಲ್ಲಿ ಅರ್ಧ ಗಂಟೆ. ಮೂರು ಬ್ಯಾಟರಿಗೆ ಹದಿಮೂರೂವರೆ. ಸೀಟಿನ ಪ್ಲಗ್‌ಗೆ ಆ ಯಂತ್ರ ಸಿಕ್ಕಿಸಲು ಬಿಡುವುದಿಲ್ಲ. ಕೊನೆಯ ಹತ್ತು ನಿಮಿಷ ದೊಡ್ಡಮ್ಮ ಏನನ್ನು ಉಸಿರಾಡಬೇಕು? ನಿಮ್ಮ ಪುಟವನ್ನೇ?

ನಿಮಗೆ ದೂರು ಕಳಿಸಿದೆ. “ದೂರವು ಎರಡೂ ದಿಕ್ಕಿನಲ್ಲಿ ಒಂದೇ ಆಗಿರುವುದರಿಂದ ಸಮಯವೂ ಒಂದೇ” ಎಂಬ ಅಮೂಲ್ಯ ಉತ್ತರ ಬಂತು. ಆಹಾ! ನಿಮ್ಮ ಕಚೇರಿ ಮೂರನೇ ಮಹಡಿಯಲ್ಲಿದೆಯಂತೆ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಲೂ ಇಳಿಯಲೂ ನಿಮಗೆ ಒಂದೇ ಸಮಯ ಹಿಡಿಯುತ್ತದೆಯೇ, ಸ್ವಾಮಿ?

ಅಲ್ಲಿ ಜೊತೆಗಿರುವ ಅಮ್ಮ ನಿನ್ನೆ ಫೋನ್ ಮಾಡಿದ್ದಳು. “ನಾಲ್ಕನೇ ಬ್ಯಾಟರಿ ಕೊಡಿ ಅಂದ್ರೆ, ಪುಟದಲ್ಲಿ ಒಂಬತ್ತೇ ಇದೆಯಲ್ಲ ಅಂತಾರೆ ಕಣೇ ಆಸ್ಪತ್ರೆ ಕೌಂಟರ್‌ನವರು. ಟಿಕೆಟ್ ತೋರಿಸಿದೆ. ಅದು ಅಧಿಕೃತ ಅಲ್ವಂತೆ!” ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿತು, ಒಂದೆರಡು ಪದಕ್ಕೊಮ್ಮೆ ನಿಂತು: “ಅವಳನ್ನ... ಬೈಬೇಡ ಕಣೇ. ಮಗು... ಲೆಕ್ಕ ಸರಿಯಾಗೇ... ಹಾಕಿರ್ತಾಳೆ.”

ಫೋನ್ ಇಟ್ಟು ಈ ಪತ್ರ ಬರೆಯಲು ಕೂತೆ.

ಕ್ಷಮೆ ಬೇಡ, ಸಮಿತಿ ಬೇಡ, ತನಿಖೆಯೂ ಬೇಡ. ವಾಪಸ್ ಪ್ರಯಾಣದ ಮುಂದಿರುವ ಆ ‘೯’ ಅಳಿಸಿ ‘೧೪’ ಎಂದು ಬರೆಯಿರಿ. ಆಸ್ಪತ್ರೆಯ ಕೌಂಟರ್ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಮ್ಮ ಪುಟ ತೆರೆದು ನೋಡುತ್ತಿದ್ದೇನೆ. ಈಗಲೂ ಒಂಬತ್ತೇ ಇದೆ.

ಇಂತಿ,
ಆ ಒಂಬತ್ತನ್ನು ನಂಬಿ, ತನ್ನ ಕೈಯಾರೆ ಫಾರಂನಲ್ಲಿ ಬರೆದವಳು