ಕಿರುಬೆರಳಿನ ಕೀ

ಅಕ್ಟೋಬರ್ 4, 1971, ಸೋಮವಾರ

ಹೊಸ ನೋಟ್‌ಬುಕ್. ಮೊದಲ ಪುಟದಲ್ಲಿ ಹೆಸರು ಬರೆಯುವುದು ನನ್ನ ಪದ್ಧತಿ. ಆಗ್ನೆಸ್ ಹವ್ಲಿಕ್, ಅರವತ್ತೆಂಟು. ಹೈಸ್ಕೂಲು ಮುಗಿಸಿದವಳು, ಆ ವರ್ಷ ಈ ಊರಿನಲ್ಲಿ ಮುಗಿಸಿದ ಹುಡುಗಿಯರು ಮೂವರೇ. ಇಪ್ಪತ್ತಾರು ವರ್ಷದಿಂದ ಶಾಲೆಯ ಬ್ಯಾಂಡ್ ಮಕ್ಕಳ ತಾಯಂದಿರ ಸಂಘದ ಅಧ್ಯಕ್ಷೆ. ಸಮವಸ್ತ್ರದ ಕೋಣೆಯ ಬೀಗದ ಕೈ ನನ್ನ ಕೊರಳಲ್ಲಿ. ಹಳೇ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಹೋಮ್‌ಕಮಿಂಗ್ ಹಬ್ಬದ ಡಾನ್ಸಿನ ದಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಲ್ಲುವವಳೂ ನಾನೇ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಒಳಗೆ ಪ್ರವೇಶವಿಲ್ಲ. ಪ್ರಿನ್ಸಿಪಾಲರ ಮಗನನ್ನೂ ಒಮ್ಮೆ ವಾಪಸು ಕಳಿಸಿದ್ದೇನೆ.

ಇವತ್ತು ನಲವತ್ತೊಂದು ಕೋಟು ಬ್ರಷ್ ಮಾಡಿದೆ. ಎರಡರಲ್ಲಿ ಚೂಯಿಂಗ್ ಗಮ್. ಯಾರದೆಂದು ಗೊತ್ತು.

ಬ್ಯಾಂಡ್ ಮೇಷ್ಟ್ರು ಪ್ರೂಯಿಟ್ ಬಂದರು. ಟ್ವೈಲಾ ಬೆಕ್‌ಸ್ಟ್ರಾಂಡ್ ನಮ್ಮ ಡಾರ್ಲೀನ್‌ಗೆ ಮೊದಲ ಕುರ್ಚಿಯ ಸವಾಲು ಹಾಕಿದ್ದಾಳಂತೆ, ಇಬ್ಬರಲ್ಲಿ ಚೆನ್ನಾಗಿ ನುಡಿಸಿದವಳಿಗೆ ಆ ಜಾಗ. ಊರಿಗೆ ಬಂದು ಎರಡು ತಿಂಗಳಾಗಿಲ್ಲ ಆ ಹುಡುಗಿ! ಕ್ಲಾರಿನೆಟ್ಟಿನ ಮೊದಲ ಕುರ್ಚಿಯಲ್ಲಿ ನನ್ನ ಗಂಡ ಎಮಿಲ್ ಕೂತಿದ್ದ, ಮಗ ಕೂತಿದ್ದ, ಈಗ ಮೊಮ್ಮಗಳು. ಹೋಮ್‌ಕಮಿಂಗ್ ಫುಟ್‌ಬಾಲ್ ಆಟದ ನಡು ಬಿಡುವಿನಲ್ಲಿ, ಇಡೀ ಊರಿನ ಮುಂದೆ ಒಂಟಿಯಾಗಿ ನುಡಿಸುವುದು ಆ ಕುರ್ಚಿಯವರೇ.

"ಹಾಡಿನ ಟೀಚರ್‌ಗೆ ಫ್ಲೂ. ಮೂರನೇ ತೀರ್ಪುಗಾರರಾಗಿ ನೀವೇ ಬರ್ಬೇಕು ಮಿಸೆಸ್ ಹವ್ಲಿಕ್."

"ನನ್ನ ಮೊಮ್ಮಗಳು ನುಡಿಸ್ತಾಳೆ, ಮರೆತ್ರಾ?"

"ಗೋಡೆ ಕಡೆ ಮುಖ ಮಾಡಿ ಕೂತ್ಮೇಲೆ ಯಾರು ಮೊಮ್ಮಗಳು, ಯಾರು ಪರರು? ನಿಮ್ಮನ್ನ ಅನುಮಾನಿಸೋರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ."

ಒಪ್ಪಿದೆ. ಹೊಗಳಿಕೆ ಹಿಡಿಸಿತು... ಅದೇ ನಿಜ.

ಅಕ್ಟೋಬರ್ 5, ಮಂಗಳವಾರ, ಸಂಜೆ 5

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಗೋಡೆಗೆ ಮುಖ ಮಾಡಿ ಕೂತೆವು — ಪ್ರೂಯಿಟ್, ಚರ್ಚಿನ ಆರ್ಗನ್ ನುಡಿಸುವ ಮಿಸೆಸ್ ಟಿಲ್ಟನ್, ನಾನು. ಮೊದಲನೆಯವಳು ನುಡಿಸಿದಳು. ಶುದ್ಧ. ಉಸಿರು ಎಲ್ಲಿ ತೆಗೆದುಕೊಂಡಳೋ ಗೊತ್ತಾಗಲಿಲ್ಲ. ಎರಡನೆಯವಳು ಶುರು ಮಾಡಿದಳು — ಟಿಕ್.

ಎಮಿಲ್‌ನ ಕ್ಲಾರಿನೆಟ್. ಕಿರುಬೆರಳಿನ ಕೀ ಒತ್ತಿದಾಗಲೆಲ್ಲ ಟಿಕ್ ಅನ್ನುತ್ತದೆ. ನಲವತ್ತು ವರ್ಷ ನನ್ನ ಅಡುಗೆಮನೆಯಲ್ಲಿ ಕೇಳಿದ ಸದ್ದು. ಡಾರ್ಲೀನ್ ನುಡಿಸುವುದು ಅದನ್ನೇ.

ಎರಡನೆಯವಳು ಮೂರನೇ ಸಾಲಿನಲ್ಲಿ ತಪ್ಪಿದಳು. ಕೇಳಿಸಿತು. ಆದರೂ ಚೀಟಿಯಲ್ಲಿ 'ಎರಡು' ಎಂದು ಬರೆದೆ.

ಪ್ರೂಯಿಟ್ ಚೀಟಿ ಬಿಚ್ಚಿದರು. ಒಂದು, ಎರಡು, ಎರಡು. ತಿರುಗಿ ನೋಡಿದೆ. ಎಮಿಲ್‌ನ ಕ್ಲಾರಿನೆಟ್ ಟ್ವೈಲಾ ಕೈಯಲ್ಲಿತ್ತು. ಡಾರ್ಲೀನ್ ಕೈಯಲ್ಲಿ ಶಾಲೆಯ ಹಳೇ ಪ್ಲಾಸ್ಟಿಕ್‌ದು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ.

"ಅವಳದ್ದು ರಿಪೇರಿಗೆ ಹೋಗಿದೆ ಅಜ್ಜಿ. ನಾನು ಮರದ್ದು ಹಿಡ್ಕೊಂಡು, ಅವಳು ಪ್ಲಾಸ್ಟಿಕ್ ಹಿಡ್ಕೊಂಡ್ರೆ ಅದೇನು ಸವಾಲು? ಕಾಸು ಚಿಮ್ಮಿಸಿದ್ವಿ. ನನಗೆ ಪ್ಲಾಸ್ಟಿಕ್ ಬಂತು." ಕ್ಲಾರಿನೆಟ್ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ನಾನು ಚೆನ್ನಾಗಿ ನುಡಿಸ್ಲಿಲ್ವಾ ಅಜ್ಜಿ?"

"ಇನ್ನೂ ಅಭ್ಯಾಸ ಬೇಕು" ಅಂದೆ.

ಅಂದುಬಿಟ್ಟೆ.

ಅಕ್ಟೋಬರ್ 11, ಸೋಮವಾರ

ಐದು ದಿನ ಪುಸ್ತಕ ತೆರೆಯಲಿಲ್ಲ. ಡಾರ್ಲೀನ್ ದಿನಾ ಎರಡು ಗಂಟೆ ಅಭ್ಯಾಸ ಮಾಡುತ್ತಾಳೆ. ನಾನು ಹೇಳಿದ್ದಕ್ಕೆ. ಟಿಕ್, ಟಿಕ್. ಕೊಲಾಚ್ ಬನ್ನಿಗೆ ಹಿಟ್ಟು ನಾದುತ್ತಾ ಕೇಳಿಸಿಕೊಂಡೆ. ಹಿಟ್ಟು ಉಬ್ಬಲಿಲ್ಲ, ಯೀಸ್ಟ್ ಹಾಕುವುದನ್ನೇ ಮರೆತಿದ್ದೆ.

ಇವತ್ತು ಟ್ವೈಲಾ ಸಮವಸ್ತ್ರದ ಕೋಣೆಗೆ ಬಂದಳು. ಮೊದಲ ಕುರ್ಚಿಯವರ ಭುಜಕ್ಕೆ ಚಿನ್ನದ ಬಣ್ಣದ ಪಟ್ಟಿ ಹೊಲಿಯಬೇಕು. ಡಾರ್ಲೀನ್ ಕೋಟಿನಿಂದ ನಾನೇ ಬಿಚ್ಚಿದ್ದೆ. ಹುಡುಗಿ ಕೋಟು ಹಾಕಿಕೊಂಡು ನಿಂತಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ನೋಡುತ್ತಿದ್ದೆ.

"ಮಿಸೆಸ್ ಹವ್ಲಿಕ್, ನಾನು ಮೂರನೇ ಸಾಲಲ್ಲಿ ತಪ್ಪಿದ್ದೆ. ನಿಮಗೆ ಕೇಳಿಸ್ಲಿಲ್ವಾ?"

"ಅಲ್ಲಾಡಬೇಡ, ಚುಚ್ಚುತ್ತೆ."

"ಡಾರ್ಲೀನ್ ಒಂದು ಸ್ವರಾನೂ ತಪ್ಪಲಿಲ್ಲ. ಅಪ್ಪನಿಗೂ ಹೇಳಿದೆ. 'ದೊಡ್ಡೋರ ಕಿವಿ ತಪ್ಪು ಕೇಳಲ್ಲ, ಸುಮ್ನಿರು' ಅಂದ್ರು."

ಸೂಜಿ ನನ್ನ ಬೆರಳಿಗೇ ಚುಚ್ಚಿತು. ಪಟ್ಟಿ ಹೊಲಿಯಲಿಲ್ಲ. ದಾರ ಮುಗಿದಿದೆ, ನಾಳೆ ಬಾ ಎಂದೆ. ಪೆಟ್ಟಿಗೆಯಲ್ಲಿ ಒಂಬತ್ತು ಉಂಡೆ ದಾರವಿದೆ.

ಹೋದ ವರ್ಷ ಲೊರೆಟಾ ಎಂಬ ಹುಡುಗಿ, ಸವಾಲಿನಲ್ಲಿ ತನ್ನ ಸರದಿ ಯಾವುದೆಂದು ತೀರ್ಪುಗಾರರಿಗೆ ತಿಳಿಯಲೆಂದು ಬೇಕಂತಲೇ ಕೆಮ್ಮಿದಳು. ಸವಾಲಿನಲ್ಲಿ ಮೋಸ ಮಾಡಿದವರಿಗೆ ಡಾನ್ಸ್ ಇಲ್ಲ — ನಾನೇ ಬರೆದ ನಿಯಮ. ಹಳದಿ ಗೌನು ಹಾಕಿಕೊಂಡು ಬಂದವಳನ್ನು ಬಾಗಿಲಿಂದಲೇ ಕಳಿಸಿದೆ. ಅವಳ ತಾಯಿ ಕಾರಿನಲ್ಲಿ ಕೂತು ನೋಡುತ್ತಿದ್ದಳು. ಅವತ್ತು ನನ್ನ ಊಟಕ್ಕೇನೂ ಕೊರತೆಯಾಗಲಿಲ್ಲ.

ಅಕ್ಟೋಬರ್ 12, ಮಂಗಳವಾರ, ಬೆಳಿಗ್ಗೆ 7

ತಿಂಡಿಯ ಹೊತ್ತಿಗೆ ಡಾರ್ಲೀನ್‌ಗೆ ಹೇಳಿದೆ. ನಿಂತೇ ಹೇಳಿದೆ. ಮೊದಲು ನಕ್ಕಳು. ಆಮೇಲೆ ಚಮಚ ಕೆಳಗಿಟ್ಟಳು.

"ನನ್ನನ್ನ ಗೆಲ್ಲಿಸೋಕೆ ಹೋಗಿ ನನ್ನನ್ನೇ ಸೋಲಿಸಿದ್ರಾ? ಹದಿನೇಳು ವರ್ಷ ಜೊತೆಗಿದ್ದೀನಿ. ತಾತನ ಪೀಪಿ ಗುರುತು ಸಿಕ್ತು, ನಾನು ಸಿಗ್ಲಿಲ್ಲ!"

ಹಾಲು ಕುಡಿಯದೆ ಹೋದಳು. ಬಾಗಿಲು ಜೋರಾಗಿ ಹಾಕಿದಳು. ಈ ಮನೆಯಲ್ಲಿ ಹಾಗೆ ಯಾರೂ ಬಾಗಿಲು ಹಾಕಿಲ್ಲ. ನಾನು ಬೈಯಲಿಲ್ಲ.

ಅಕ್ಟೋಬರ್ 13, ಬುಧವಾರ, ಮಧ್ಯಾಹ್ನ 4

ನಿನ್ನೆ ಪ್ರೂಯಿಟ್ ಮುಂದೆ ಎಲ್ಲ ಹೇಳಿದೆ. ಬೆವರು ಒರೆಸಿಕೊಂಡರು.

"ಮರು ಸವಾಲು ನಾಳೇನೇ ಇಡ್ತೀನಿ. ಆದ್ರೆ ಕಾರಣ ನಮ್ಮಿಬ್ಬರಲ್ಲೇ ಇರ್ಲಿ. ಮಕ್ಕಳಿಗೆ ಗೊತ್ತಾದ್ರೆ ನಿಮ್ಮ ಮರ್ಯಾದೆ..."

"ಲೊರೆಟಾ ಮರ್ಯಾದೆಗೆ ಈ ಮಾತು ಯಾಕೆ ಬರ್ಲಿಲ್ಲ ಮೇಷ್ಟ್ರೇ? ನಿಮ್ಮ ಬಾಯಲ್ಲೂ ಬರ್ಲಿಲ್ಲ, ನನ್ನ ಬಾಯಲ್ಲೂ ಬರ್ಲಿಲ್ಲ."

ಸಮವಸ್ತ್ರದ ಕೋಣೆಯ ಬೀಗದ ಕೈ ಅವರ ಮೇಜಿನ ಮೇಲಿಟ್ಟೆ. ಲೊರೆಟಾ ಮನೆಗೂ ಹೋದೆ. ತಾಯಿ ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ. ಸರಿಯೇ.

ಇವತ್ತು ಬೆಳಿಗ್ಗೆ ಎಮಿಲ್‌ನ ಕ್ಲಾರಿನೆಟ್ಟಿನ ಕೀ ಕೆಳಗೆ ತೆಳ್ಳಗೆ ಬಿರಡೆ ಚೂರು ಕತ್ತರಿಸಿ ಅಂಟಿಸಿದೆ. ಈಗ ಟಿಕ್ ಇಲ್ಲ. ಇಬ್ಬರೂ ಅದರಲ್ಲೇ ನುಡಿಸಲಿ ಎಂದು ಶಾಲೆಗೆ ಕೊಟ್ಟೆ. ಹಾಗೇ ಬ್ಯಾಂಡ್ ಕೋಣೆಯ ಹಲಗೆಗೆ ಈ ವರ್ಷದ ಪಟ್ಟಿ ಚುಚ್ಚಿ ಬಂದೆ. ಡಾನ್ಸಿಗೆ ಪ್ರವೇಶವಿಲ್ಲದವರು. ಒಂದೇ ಹೆಸರು. ಆಗ್ನೆಸ್ ಹವ್ಲಿಕ್ — ಸವಾಲಿನಲ್ಲಿ ಮೋಸ. ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ.

ಶಾಲೆ ರಸ್ತೆಯಾಚೆಗೇ, ತೆರೆದ ಕಿಟಕಿಯಿಂದ ಎಲ್ಲ ಕೇಳಿಸುತ್ತದೆ. ಮೊದಲನೆಯವಳು ಶುರು ಮಾಡಿದಳು. ಯಾರೋ... ಗೊತ್ತಾಗುತ್ತಿಲ್ಲ. ಕಿವಿ ತಾನಾಗಿ ಡಾರ್ಲೀನ್‌ಳನ್ನು ಹುಡುಕುತ್ತಿದೆ.

ಎದ್ದು ಕಿಟಕಿ ಮುಚ್ಚಿದೆ.