ಗೆರೆಯವರೆಗೆ ನೀರು

ತಾರೀಕು ೩, ಸೋಮವಾರ, ಮಧ್ಯಾಹ್ನ ಎರಡೂವರೆ

ಇವತ್ತೂ ಒಂದು ಲೋಟ ಹಿಡಿಯಿತು. ಅಳಿಯಂದಿರ ಗೊರಕೆ ಶುರುವಾದ ಮೇಲೆ ಹೋಗಿ ಬಾನೆಟ್ ಎತ್ತಿದೆ. ರೇಡಿಯೇಟರ್ ಪಕ್ಕದ ಬಿಳಿ ಬಾಟಲಿಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ. ನೀರು ಕೆಳಗಿನ ಗೆರೆ ಮುಟ್ಟುತ್ತಿತ್ತು. ಮೇಲಿನದರವರೆಗೆ ನಲ್ಲಿನೀರು ಹಾಕಿ ಮುಚ್ಚಳ ಒತ್ತಿದೆ. ಬಾನೆಟ್ ಸದ್ದಿಲ್ಲದೆ ಇಳಿಸುವುದೇ ಕಷ್ಟ — ಅದಕ್ಕೂ ನನ್ನ ಹಾಗೆ ಮಂಡಿ ಹಿಡಿದಿದೆ. ಕಿರ್ ಅನ್ನುತ್ತದೆ.

ಕಾರು ನಮ್ಮ ಯಜಮಾನರದು. ಅವರು ಹೋದ ಮೇಲೆ ಅಳಿಯಂದಿರು ಬಾಡಿಗೆಗೆ ಓಡಿಸುತ್ತಿದ್ದಾರೆ. ಬೆಳಿಗ್ಗೆ ಒಂದು ಸುತ್ತು, ಮನೆಗೆ ಬಂದು ಊಟ, ನಿದ್ದೆ, ಸಂಜೆ ಇನ್ನೊಂದು ಸುತ್ತು. ಮೀಟರ್ ಮೂರು ಲಕ್ಷ ಕಿಲೋಮೀಟರ್ ದಾಟಿ ಯಾವ ಕಾಲವಾಯಿತೋ. ನೀರು ಕುಡಿಯುತ್ತದೆ ಅಂತ ಗೊತ್ತಾದರೆ ಅದೇ ದಿನ ಗುಜರಿಗೆ ಹಾಕುತ್ತಾರೆ. ಅದಕ್ಕೇ ಬಾಯಿ ಬಿಟ್ಟಿಲ್ಲ. ನಾನು ಬಾಯಿ ಬಿಡದ ವಿಷಯ ಜಗತ್ತಿನಲ್ಲಿ ಇದೊಂದೇ ಇರಬೇಕು.

ತಾರೀಕು ೪, ಮಂಗಳವಾರ

ಮೊಮ್ಮಗಳನ್ನು ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದೆವು. ತುಂಬು ಗರ್ಭಿಣಿ. ಗಂಡ ಹಡಗಿನ ಕೆಲಸದಲ್ಲಿ, ಬರುವುದು ಮುಂದಿನ ತಿಂಗಳು. ಮಗು ತಿರುಗಿಲ್ಲ, ತಲೆ ಮೇಲೇ ಇದೆ.

"ಇಲ್ಲಿ ಆಪರೇಷನ್ ಮಾಡೋಕಾಗಲ್ಲ. ಗುಡ್ಡದ ಆಚೆ ದೊಡ್ಡಾಸ್ಪತ್ರೆಗೇ ಹೋಗಿ. ಇಪ್ಪತ್ತೆರಡಕ್ಕೆ ಸೇರಿಸ್ಬೇಕು. ಮುಂಚೆ ನೋವು ಬಂದ್ರೆ ಮನೇಲಿ ಕೂತು ನೋಡ್ತಾ ಇರ್ಬೇಡಿ," ಅಂದರು.

ಐವತ್ತು ಕಿಲೋಮೀಟರ್. ಅದರಲ್ಲಿ ಹನ್ನೊಂದು ಬರೀ ಏರು.

ಬರುವಾಗ ಅಳಿಯಂದಿರ ಕಣ್ಣೆಲ್ಲ ಬಿಸಿ ತೋರಿಸುವ ಮುಳ್ಳಿನ ಮೇಲೆ. ಸೇತುವೆ ಏರುವಾಗ ಮುಳ್ಳು ಎದ್ದಿತು. ಹಿಂದಿನ ಸೀಟಿನಿಂದ ನಾನೂ ನೋಡಿದೆ.

"ಏನದು, ಮುಳ್ಳಿಗೆ ಕೋಪ ಬಂದಿದೆ?" ಅಂದೆ.

"ಏನಿಲ್ಲ ಅತ್ತೆ, ಬಿಸಿಲು."

"ನಿಮ್ಮ ಮಾವ ಓಡಿಸೋವಾಗ ಬಿಸಿಲೇ ಇರ್ಲಿಲ್ಲ, ಪಾಪ."

ಮಗಳು ನನ್ನ ತೊಡೆ ಚಿವುಟಿದಳು. ಇನ್ನೂ ಉರಿಯುತ್ತಿದೆ.

ತಾರೀಕು ೭, ಶುಕ್ರವಾರ

ಗ್ಯಾರೇಜಿಗೆ ನಾನೂ ಹೋದೆ. ಯಾರೂ ಕರೆಯಲಿಲ್ಲ, ಹತ್ತಿ ಕೂತೆ. ಗ್ಯಾರೇಜಿನವನನ್ನು ಎಲ್ಲರೂ ದಪ್ಪ ಅನ್ನುತ್ತಾರೆ. ಅವನೂ ಓಗೊಡುತ್ತಾನೆ.

"ನೀರು ಕಮ್ಮಿ ಆಗ್ತಿದ್ಯಾ?" ಅಂತ ಕೇಳಿದ.

"ಇಲ್ಲ," ಅಂದರು ಅಳಿಯಂದಿರು. ಪುಣ್ಯಾತ್ಮನಿಗೆ ಗೊತ್ತೇ ಇಲ್ಲವಲ್ಲ ಅಂದುಕೊಂಡೆ.

"ಒಂದು ಹನೀನೂ?"

"ಗೆರೆ ಬಿಟ್ಟು ಇಳಿದಿಲ್ಲಪ್ಪ," ಅಂತ ನಾನೂ ಸೇರಿಸಿದೆ. ದಿನಕ್ಕೊಂದು ಲೋಟ ಏನು ಮಹಾ... ಅಷ್ಟು ನೀರು ನನಗೆ ಒಂದು ಮಾತ್ರೆ ನುಂಗಲು ಬೇಕು.

ನೀರು ಇಳಿಯದಿದ್ದರೆ ಸೋರಿಕೆ ಇಲ್ಲ ಅಂತ ದಪ್ಪನ ತರ್ಕ. ರೇಡಿಯೇಟರಿನ ಮುಖಕ್ಕೆ ಮೆತ್ತಿದ್ದ ಹುಳ, ಧೂಳು ತೊಳೆದ. ಮುಚ್ಚಳ ಹೊಸದು ಹಾಕಿದ. ಥರ್ಮೋಸ್ಟ್ಯಾಟ್ ಬದಲಿಸಿದ — ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಸಣ್ಣ ಬಾಗಿಲು. "ಇನ್ನು ಗುಡ್ಡ ಹತ್ತಿಸಿ," ಅಂದ.

ತಾರೀಕು ೧೨, ಬುಧವಾರ

ಹತ್ತಲಿಲ್ಲ. ಅಳಿಯಂದಿರು ಏರಿನಲ್ಲಿ ಓಡಿಸಿ ನೋಡಲು ಹೋದವರು ಕಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಎರಡನೇ ತಿರುವಿನಲ್ಲೇ ಹೊಗೆ. ಊಟಕ್ಕೆ ಕೂತರು, ಅನ್ನ ಕಲೆಸುತ್ತಲೇ ಇದ್ದರು.

"ಅಜ್ಜಿ, ಇವತ್ತು ಅಪ್ಪನಿಗೆ ಏನೂ ಅನ್ಬೇಡ," ಅಂದಳು ಮೊಮ್ಮಗಳು.

"ನಾನೇನು ಅಂದೆ?"

"ಅನ್ನೋಕೆ ಉಸಿರು ತಗೊಂಡೆ."

ತಾರೀಕು ೧೩, ಗುರುವಾರ

ದಪ್ಪ ಇವತ್ತು ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್ ಬಿಚ್ಚಿ ನೀರನ್ನೆಲ್ಲ ಬೇಸಿನ್ನಿಗೆ ಇಳಿಸಿದ. ತುಕ್ಕಿನ ಬಣ್ಣ.

"ಎರಡು ತಿಂಗಳ ಹಿಂದೆ ಎಂಜಿನ್ ತಂಪಾಗಿಡೋ ಹಸಿರು ಕೂಲೆಂಟ್ ತುಂಬಿದ್ದೆ. ಇದು ಬಚ್ಚಲು ನೀರು! ಯಾರು ಸುರಿದಿದ್ದು?"

ಅಳಿಯಂದಿರು ಟೈರ್ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ದಪ್ಪ ಬಗ್ಗಿ ಟಾರ್ಚ್ ಹಿಡಿದು ವಾಟರ್ ಪಂಪಿನ ಅಡಿ ಬೆರಳಾಡಿಸಿದ. ಬೆರಳಿಗೆ ಉಪ್ಪಿನಂಥ ಬಿಳಿ ಪುಡಿ ಹತ್ತಿತು. ಪಂಪಿನ ಸೀಲ್ ಹೋಗಿದೆಯಂತೆ. ಓಡುವಾಗ ಮಾತ್ರ ಸೋರುತ್ತದೆ, ಬಿಸಿ ಕಬ್ಬಿಣದ ಮೇಲೆ ಬಿದ್ದು ಆರಿಹೋಗುತ್ತದೆ. ನೆಲ ಒದ್ದೆಯಾಗುವುದೇ ಇಲ್ಲ.

"ದಿನಕ್ಕೆ ಎರಡು ಲೋಟಕ್ಕೆ ಕಮ್ಮಿ ಇಲ್ಲ," ಅಂದ.

ಎರಡಾ? ನಾನು ಹಾಕಿದ್ದು ಒಂದೇ. ಅಳಿಯಂದಿರ ಕಡೆ ತಿರುಗಿದೆ. ಕಿವಿ ಎರಡೂ ಕೆಂಪಗಾಗಿದ್ದವು.

ಹಳೇ ಮಾಡೆಲ್, ಪಂಪ್ ಹೊರಗಿಂದ ತರಿಸಬೇಕು. ಇಪ್ಪತ್ತಕ್ಕೆ ಬರುತ್ತದೆ. ಸದ್ಯಕ್ಕೆ ಹೊಸ ಕೂಲೆಂಟ್ ತುಂಬಿ ಕೊಟ್ಟಿದ್ದಾನೆ. ಬಾಡಿಗೆ ಓಡಿಸುವ ಹಾಗಿಲ್ಲ.



ತಾರೀಕು ೧೬, ಭಾನುವಾರ, ಬೆಳಿಗ್ಗೆ ಒಂಬತ್ತು

ಎರಡು ದಿನ ಬರೆಯಲಿಲ್ಲ. ಬರೆದರೆ ನನ್ನ ತಪ್ಪೂ ಬರೆಯಬೇಕಾಗುತ್ತಿತ್ತು.

ಐದಕ್ಕೆ ಎಚ್ಚರವಾಯಿತು. ಹೊರಗೆ ಬಾನೆಟ್ ಕಿರ್ ಅಂತು. ಹೋಗಿ ನೋಡಿದರೆ ಅಳಿಯಂದಿರು, ಕೈಯಲ್ಲಿ ನೀರಿನ ಬಾಟಲಿ. ಕಾರು ನಿಂತಲ್ಲೇ ನಿಂತಿದೆ, ಚಟ ಬಿಡಬೇಕಲ್ಲ.

"ದಿನಾ ಬೆಳಿಗ್ಗೆ ನೀವಾ?" ಅಂದೆ.

"ಹೂಂ. ಮಧ್ಯಾಹ್ನ ನೀವಾ?"

"ಹೂಂ."

"ನನಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಗುಜರಿಗೆ ಹಾಕ್ತೀರಿ ಅಂತ. ನೀವ್ಯಾಕೆ ಹೇಳ್ಲಿಲ್ಲ?"

ಬಾಟಲಿ ಕೆಳಗಿಟ್ಟರು. "ಹೇಳಿದ್ರೆ 'ನಮ್ಮ ಯಜಮಾನ್ರ ಕಾರು ಹಾಳು ಮಾಡಿದ್ರಿ' ಅಂತಿದ್ರಿ. ಆರು ತಿಂಗಳು ಅದನ್ನೇ ಅಂತಿದ್ರಿ."

"ಆರೇ ತಿಂಗಳಿಗೆ ಬಿಡ್ತಿದ್ನಾ?"

ನಕ್ಕರು. ನಾನು ನಗಲಿಲ್ಲ. ನನ್ನ ನಾಲಿಗೆಗೆ ಹೆದರಿ ಒಬ್ಬ ಗಂಡಸು ಕದ್ದು ನೀರು ಹಾಕಿದ್ದಾನೆ. ಅರ್ಧ ಸೋರಿಕೆ ಅವರು ಮುಚ್ಚಿಟ್ಟರು, ಅರ್ಧ ನಾನು ಮುಚ್ಚಿಟ್ಟೆ. ಬಾಟಲಿ ಮಾತ್ರ ಯಾವಾಗಲೂ ಗೆರೆಯವರೆಗೆ.

ಎಂಟಕ್ಕೆ ಇಬ್ಬರೂ ದಪ್ಪನಿಗೆ ಫೋನ್ ಮಾಡಿ ಒಪ್ಪಿಕೊಂಡೆವು. "ಏಳನೇ ತಾರೀಕೇ ಬಾಯಿ ಬಿಟ್ಟಿದ್ರೆ ಇಷ್ಟೊತ್ತಿಗೆ ಪಂಪ್ ಕೂರಿಸಿ ಆಗ್ತಿತ್ತು!" ಅಂತ ಬೈದ. ಬೈಸಿಕೊಂಡೆ. ಬೈಸಿಕೊಂಡು ಅಭ್ಯಾಸವಿಲ್ಲ, ಎದೆ ಉರಿ ಬಂತು.

ತಾರೀಕು ೧೯, ಬುಧವಾರ, ಬೆಳಿಗ್ಗೆ ಒಂಬತ್ತು

ಮೊಮ್ಮಗಳಿಗೆ ನೋವು ಶುರು. ಪಂಪ್ ಬಂದಿಲ್ಲ. ಆಂಬ್ಯುಲೆನ್ಸ್ ಬೇರೆ ಕಡೆ ಹೋಗಿದೆ, ಮೂರು ತಾಸು ಅಂದರು. ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಗಳೆಲ್ಲ ದೂರದ ಬಾಡಿಗೆಗೆ ಹೋಗಿವೆ.

ದಪ್ಪ ಫೋನಿನಲ್ಲಿ ಹೇಳಿದ — ನಲವತ್ತರ ಮೇಲೆ ಓಡಿಸಬೇಡಿ. ಎ.ಸಿ. ಬೇಡ, ಹೀಟರ್ ಪೂರ್ತಿ ಹಾಕಿ, ಎಂಜಿನ್ನಿನ ಬಿಸಿ ಒಳಗೆ ಬರಲಿ. ಮುಳ್ಳು ಮುಕ್ಕಾಲು ದಾಟಿದರೆ ನಿಲ್ಲಿಸಿ. ಮೇಲಿನ ಹೋಸ್ ಹಿಂಡಿದರೆ ಮೆತ್ತಗಾಗುವವರೆಗೆ ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಕೂಲೆಂಟ್ ಎರಡು ಕ್ಯಾನ್ ಇಟ್ಟಾಯಿತು.

"ಅತ್ತೆ, ನೀವು ಮುಂದೆ ಕೂತ್ಕೊಳ್ಳಿ. ಮುಳ್ಳು ಎಲ್ಲಿದೆ ಅಂತ ಹೇಳ್ತಾ, ಬರೀತಾ ಬನ್ನಿ. ನನಗೆ ರಸ್ತೆ ನೋಡೋಕೆ ಆಗ್ಲಿ."

ಹೊರಟೆವು.

ಅದೇ ದಿನ, ಹನ್ನೊಂದೂ ಹತ್ತು

ಏರು ಶುರು. ಮುಳ್ಳು ನಡುವೆ.

ಮೂರನೇ ಕಿ.ಮೀ. — ನಡುವೆಯೇ. ಒಳಗೆ ಒಲೆ ಹೊತ್ತಿಸಿದ ಹಾಗೆ ಸೆಕೆ. "ಅಜ್ಜಿ, ಹೆರಿಗೆಗೆ ಕರ್ಕೊಂಡು ಹೋಗ್ತಿದ್ದೀರೋ, ಬೇಯಿಸೋಕೋ?" ಅಂತ ಹಿಂದಿನಿಂದ ಮೊಮ್ಮಗಳು. ಬಾಯಿ ನನ್ನದೇ.

ಐದು — ನಡುವಿಗಿಂತ ಮೇಲೆ.

ಆರು — ಮುಕ್ಕಾಲು. ನಿಲ್ಲಿಸಿದೆವು.

ಹನ್ನೊಂದೂ ಐವತ್ತು

ಬಾನೆಟ್ ತೆರೆದಿದೆ. ಹೋಸ್ ಕಲ್ಲಿನ ಹಾಗೆ. ಹಿಂದೆ ಮಗಳು ಗಡಿಯಾರ ನೋಡುತ್ತಿದ್ದಾಳೆ, ನೋವು ಎಂಟು ನಿಮಿಷಕ್ಕೊಮ್ಮೆ. ಅಳಿಯಂದಿರ ಕೈ ಎರಡು ಸಲ ಮುಚ್ಚಳಕ್ಕೆ ಹೋಯಿತು.

"ತೆಗೆದುಬಿಡ್ಲಾ ಅತ್ತೆ?"

ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. "ಇನ್ನೈದು ನಿಮಿಷ. ನಾನೂ ನಿಂತಿದ್ದೀನಿ," ಅಂದೆ.

ಹನ್ನೆರಡೂ ಐದು. ಹೋಸ್ ಮೆತ್ತಗಾಯಿತು. ಬಟ್ಟೆ ಸುತ್ತಿ ಮುಚ್ಚಳ ತೆಗೆದರು. ನಾನು ಕ್ಯಾನ್ ಎತ್ತಿ ಹೊಯ್ದೆ. ಒಂದೂವರೆ ಲೀಟರ್ ಹಿಡಿಯಿತು. ಇಷ್ಟು ಅಂತ ಜೋರಾಗಿಯೇ ಹೇಳಿದೆ.

ಹನ್ನೆರಡೂವರೆ

ಎಂಟು — ನಡುವೆ.

ಒಂಬತ್ತು — ನಡುವೆ.

ಹತ್ತು — ಸ್ವಲ್ಪ ಮೇಲೆ.

ಹನ್ನೊಂದು — ಏರು ಮುಗಿಯಿತು. ಇನ್ನು ಇಳಿಜಾರು. ಆಸ್ಪತ್ರೆಯ ನೀಲಿ ಚಾವಣಿ ಕಾಣುತ್ತಿದೆ. ಮುಳ್ಳು ಇಳಿಯುತ್ತಿದೆ.

"ಅತ್ತೆ, ಬರೆದಿದ್ದು ಸಾಕು. ಅವಳ ಕೈ ಹಿಡ್ಕೊಳ್ಳಿ," ಅಂದರು ಅಳಿಯಂದಿರು.

ಎಡಗೈ ಹಿಂದಕ್ಕೆ ಚಾಚಿದ್ದೇನೆ, ಹಿಡಿದಿದ್ದಾಳೆ, ಬೆರಳು ಮುರಿಯುವ ಹಾಗೆ. ಬಲಗೈಯಲ್ಲಿ ಇನ್ನೊಂದೇ ಸಾಲು. ಅಳಿಯಂದಿರ ಬಗ್ಗೆ ಈ ಪುಸ್ತಕದಲ್ಲಿ ನಾನು ಇಷ್ಟು ವರ್ಷ ಬರೆದದ್ದರಲ್ಲಿ ಒಂದು ಮಾತನ್ನು ತಿದ್ದಬೇಕು. ಅವರಿಗೆ ಕಾರು ಓಡಿಸಲು ಬರುತ್ತದೆ.